ಗೇಮ್‌ನ ಕೊನೆ ಕೈಕೊಟ್ಟಿತು ಅನ್ನಿಸುವುದೇಕೆ?

ಓದುಗರ ಪ್ರಶ್ನೆ:

“ಮಾಸ್ ಎಫೆಕ್ಟ್ ಲೆಜೆಂಡರಿ ಎಡಿಷನ್‌ನ ಮೂರೂ ಗೇಮ್‌ಗಳನ್ನು ಒಂದೇ ಸೇವ್ ಮುಂದುವರಿಸಿ ಮುಗಿಸಿದೆ. ನೂರು ಗಂಟೆ ದಾಟಿತು. ಯಾರನ್ನು ಉಳಿಸುವುದು, ಯಾರ ಪಕ್ಷ ವಹಿಸುವುದು ಅಂತ ಪ್ರತಿ ಸಲ ತಲೆ ಕೆಡಿಸಿಕೊಂಡು ಆಡಿದ್ದೆ. ಕಡೆಗೆ ಹುಡುಗನ ರೂಪದಲ್ಲಿ ಯಾರೋ ಬಂದು ಕೆಂಪು, ನೀಲಿ, ಹಸಿರು ಮೂರರಲ್ಲಿ ಒಂದನ್ನು ಆರಿಸಿಕೋ ಅಂದ. ಅಲ್ಲಿಗೆ ಮುಗೀತು. ಆಮೇಲೆ ವಿಚರ್ 3 ಆಡಿದೆ. ಅದರಲ್ಲಿ ನಾಯಕ ಗೆರಾಲ್ಟ್‌ನ ಸಾಕುಮಗಳು ಸಿರಿ ವಾಪಸ್ ಬರಲೇ ಇಲ್ಲ. ಹುಡುಕಿ ನೋಡಿದರೆ ಎಲ್ಲೋ ಒಂದು ಕಡೆ ಅವಳ ಜೊತೆ ಹಿಮದ ಉಂಡೆ ಎಸೆದಾಡಬೇಕಿತ್ತಂತೆ! ಒಬ್ಬ ಗೆಳೆಯ ‘ಚಾಯ್ಸ್ ಅನ್ನೋದೇ ಬೋಗಸ್, ಏನು ಒತ್ತಿದರೂ ಕೊನೆ ಒಂದೇ’ ಅನ್ನುತ್ತಾನೆ. ಇನ್ನೊಬ್ಬ ‘ನಿನಗೆ ದುಃಖಾಂತ ಅರಗಲ್ಲ’ ಅನ್ನುತ್ತಾನೆ. ಯಾರು ಸರಿ? ಗೈಡ್ ಇಟ್ಟುಕೊಂಡು ಮತ್ತೆ ಆಡಬೇಕೇ? ಕೇಳೋದಕ್ಕೆ ಇನ್ನೊಂದು ಕಾರಣವೂ ಇದೆ. ನಾವಿಬ್ಬರು ಸೇರಿ ಟ್ವೈನ್ ತಂತ್ರಾಂಶದಲ್ಲಿ ಕನ್ನಡದ ಪಠ್ಯ ಗೇಮ್ ಬರೆಯುತ್ತಿದ್ದೇವೆ. ಆರು ದೊಡ್ಡ ಆಯ್ಕೆ, ಏಳು ಅಂತ್ಯ ಅಂದುಕೊಂಡಿದ್ದೇವೆ. ಇದೇ ತಪ್ಪು ನಮ್ಮ ಕೈಯಲ್ಲೂ ಆಗಬಾರದು.”

ಉತ್ತರ:

ಮೊದಲೇ ಹೇಳಿಬಿಡುತ್ತೇನೆ: ನೀವು ಹೆಸರಿಸಿದ ಎರಡು ಗೇಮ್‌ಗಳಲ್ಲದೆ ಫಾಲ್‌ಔಟ್ 3, ದಿ ವಾಕಿಂಗ್ ಡೆಡ್ ಕೊನೆಗಳೂ ಇಲ್ಲಿ ಬಯಲಾಗುತ್ತವೆ. ಇನ್ನೂ ಆಡದವರು ಆಡಿ ಬಂದು ಓದಲಿ.

ನಿಮ್ಮ ಗೆಳೆಯರಿಬ್ಬರೂ ಅರ್ಧರ್ಧ ತಪ್ಪು. ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ದೂರುಗಳು ಕಲೆತುಹೋಗಿವೆ. ಮಾಸ್ ಎಫೆಕ್ಟ್ 3ರಲ್ಲಿ “ನಾನು ಮಾಡಿದ್ದು ಯಾವುದೂ ಲೆಕ್ಕಕ್ಕೆ ಬರಲಿಲ್ಲ” ಅನ್ನುವುದು ನಿಮ್ಮ ಬೇಸರ. ವಿಚರ್ 3ರಲ್ಲಿ “ಲೆಕ್ಕಕ್ಕೆ ಬಂತು, ಆದರೆ ಲೆಕ್ಕ ಇಡುತ್ತಿದ್ದಾರೆಂದು ನನಗೆ ಯಾರೂ ಹೇಳಲಿಲ್ಲ” ಅನ್ನುವುದು. ಎರಡಕ್ಕೂ ಕಾರಣ ಬೇರೆ, ಮದ್ದೂ ಬೇರೆ.

ಬಾಹ್ಯಾಕಾಶ ಯುದ್ಧದ ಕಥೆಯ ಮಾಸ್ ಎಫೆಕ್ಟ್ 3 ಬಿಡುಗಡೆಯಾದದ್ದು 2012ರ ಮಾರ್ಚ್ 6ರಂದು. ಕೊನೆಯ ಹತ್ತು ನಿಮಿಷದ ಬಗ್ಗೆ ಎದ್ದ ಗಲಾಟೆ ಎಷ್ಟಿತ್ತೆಂದರೆ, ಆಟಗಾರರು ಹಣ ಕೂಡಿಸಿ ಗೇಮ್ ತಯಾರಿಸಿದ ಬಯೋವೇರ್ ಕಚೇರಿಗೆ ಸುಮಾರು 400 ಕಪ್‌ಕೇಕ್ ಕಳಿಸಿದರು. ಮೇಲಿನ ಕ್ರೀಮ್ ಕೆಂಪು, ನೀಲಿ, ಹಸಿರು. ಒಳಗೆ ಮೂರೂ ಒಂದೇ ವೆನಿಲಾ. ಇಷ್ಟು ಚುರುಕಾದ ವಿಮರ್ಶೆ ಆ ವರ್ಷ ಇನ್ನೊಂದು ಬಂದಿರಲಿಕ್ಕಿಲ್ಲ. ಆದರೆ ಅದರಿಂದ ಒಂದು ತಪ್ಪು ಕಲ್ಪನೆಯೂ ಗಟ್ಟಿಯಾಯಿತು: ಮೂರು ಗೇಮ್‌ಗಳ ಆಯ್ಕೆಗಳೆಲ್ಲ ಸುಳ್ಳು ಅಂತ.

ಸುಳ್ಳಲ್ಲ. ತುಚಂಕಾ ಗ್ರಹದ ಭಾಗ ನೆನಪು ಮಾಡಿಕೊಳ್ಳಿ. ಮೊದಲ ಗೇಮ್‌ನಲ್ಲಿ ವರ್ಮೈರ್‌ನಲ್ಲಿ ನಿಮ್ಮ ಕ್ರೋಗನ್ ಸಂಗಡಿಗ ರೆಕ್ಸ್ ಸತ್ತಿದ್ದರೆ ಮೂರನೆಯದರಲ್ಲಿ ಕ್ರೋಗನ್ನರ ನಾಯಕ ಅವನ ಸೋದರ ರೀವ್. ಎರಡನೆಯ ಗೇಮ್‌ನಲ್ಲಿ ವಿಜ್ಞಾನಿ ಮೇಲಾನ್‌ನ ಸಂಶೋಧನೆಯನ್ನು ನಾಶ ಮಾಡಿಸಿದ್ದರೆ ಕ್ರೋಗನ್ ಹೆಣ್ಣು ಈವ್ ಬದುಕುವುದಿಲ್ಲ. ಇವೆರಡೂ ಸೇರಿದಾಗ ಮಾತ್ರ, ಕ್ರೋಗನ್ನರ ಸಂತಾನ ತಡೆಯುವ ಜೆನೊಫೇಜ್ ಎಂಬ ಸೋಂಕಿಗೆ ಮದ್ದು ಹಂಚಬೇಡವೆಂದು ವಿಜ್ಞಾನಿ ಮಾರ್ಡಿನ್‌ನನ್ನು ಮಾತಿನಲ್ಲೇ ಒಪ್ಪಿಸಿ ಅವನ ಜೀವ ಉಳಿಸಬಹುದು. ಮೂರು ಗೇಮ್‌ಗಳಲ್ಲಿ ಹರಡಿದ ನಿರ್ಧಾರಗಳು ಒಂದು ಲಿಫ್ಟ್‌ನ ಬಾಗಿಲಲ್ಲಿ ಬಂದು ಸೇರುತ್ತವೆ. ರನ್ನೋಕ್‌ನಲ್ಲೂ ಹಾಗೇ. ಕ್ವೇರಿಯನ್ನರಿಗೂ ಅವರೇ ಮಾಡಿದ ಯಂತ್ರಜೀವಿ ಗೆಥ್‌ಗಳಿಗೂ ರಾಜಿ ಮಾಡಿಸಬೇಕಾದರೆ ಕ್ವೇರಿಯನ್ ಟಾಲಿ, ಗೆಥ್ ಲೀಜನ್ ಇಬ್ಬರೂ ಬದುಕಿರಬೇಕು. ಹಿಂದಿನ ಗೇಮ್‌ನಲ್ಲಿ ಟಾಲಿಯ ವಿಚಾರಣೆ ಹೇಗೆ ಮುಗಿಯಿತು, ಅವರಿಬ್ಬರ ಜಗಳ ನೀವು ಹೇಗೆ ಬಿಡಿಸಿದಿರಿ ಎಲ್ಲಕ್ಕೂ ಅಂಕ ಇದೆ. ಸಾಕಷ್ಟು ಅಂಕ ಇಲ್ಲದಿದ್ದರೆ ರಾಜಿಯ ಸಾಲು ಪರದೆಯ ಮೇಲೆ ಬರುವುದೇ ಇಲ್ಲ.

ಅಂದರೆ ಲೆಕ್ಕ ಚುಕ್ತಾ ಆದದ್ದು ಗೇಮ್‌ನ ನಡುಭಾಗದಲ್ಲಿ. ಕೊನೆಯ ಹೊತ್ತಿಗೆ ಕೊಡಲು ಏನೂ ಉಳಿದಿರಲಿಲ್ಲ. ಕ್ಯಾಟಲಿಸ್ಟ್ ಅನ್ನುವ ಆ ಹುಡುಗ ಮಾತಾಡುವುದೇ ಕೊನೆಯ ದೃಶ್ಯದಲ್ಲಿ. ನಿಮಗೂ ಅವನಿಗೂ ಅದಕ್ಕೆ ಮೊದಲು ಒಂದು ಮಾತೂ ನಡೆದಿಲ್ಲ. ಅವನ ವಾದ ಏನೆಂದರೆ ಜೀವಿಗಳೂ ಯಂತ್ರಗಳೂ ಎಂದೆಂದಿಗೂ ಹೊಂದಿಕೊಳ್ಳುವುದಿಲ್ಲ. ಕೆಲವೇ ಗಂಟೆ ಹಿಂದೆ ರನ್ನೋಕ್‌ನಲ್ಲಿ ನೀವು ಹೊಂದಿಸಿ ಬಂದಿದ್ದೀರಿ! ಅದನ್ನು ಅವನ ಮುಖಕ್ಕೆ ಹಿಡಿಯಲು ಮೂಲ ಆವೃತ್ತಿಯಲ್ಲಿ ದಾರಿಯೇ ಇರಲಿಲ್ಲ. ನನ್ನ ಮಟ್ಟಿಗೆ ಬಣ್ಣ ಮೂರಿದ್ದದ್ದು ದೊಡ್ಡ ದೋಷವಲ್ಲ, ನೀವು ಕೂಡಿಟ್ಟ ಸಾಕ್ಷ್ಯವನ್ನು ಮುಂದಿಡಲು ಬಿಡದೆ ತೀರ್ಪು ಕೇಳಿದ್ದು ದೋಷ.

ಜೊತೆಗೆ ಯುದ್ಧಬಲದ ಲೆಕ್ಕ. ಗ್ರಹ ಗ್ರಹ ಸುತ್ತಿ ಕೂಡಿಸಿದ ಸೈನ್ಯವೆಲ್ಲ ಒಂದು ಸಂಖ್ಯೆಯಾಗಿ ಒಂದು ಕೋಣೆಯ ಪರದೆಯ ಮೇಲೆ ಕೂತಿತ್ತು. 2012ರ ಆವೃತ್ತಿಯಲ್ಲಿ ಮಲ್ಟಿಪ್ಲೇಯರ್ ಆಡದವರ ಸನ್ನದ್ಧತೆ 50 ಶೇಕಡಾದಲ್ಲೇ ನಿಲ್ಲುತ್ತಿತ್ತು. 6,000 ಕೂಡಿಸಿದರೆ ಲೆಕ್ಕಕ್ಕೆ 3,000. ನೀವು ಆಡಿದ 2021ರ ಲೆಜೆಂಡರಿ ಎಡಿಷನ್‌ನಲ್ಲಿ ಮಲ್ಟಿಪ್ಲೇಯರ್ ಇಲ್ಲ, ಆ ಕಾಟವೂ ಇಲ್ಲ. ಆದರೆ ಮೂಲ ತೊಂದರೆ ಹಾಗೇ ಇದೆ: ಕೀಟದಂಥ ರಾಕ್ನಿಗಳನ್ನು ಉಳಿಸಿದಿರಿ, ಸಂಖ್ಯೆ ಏರಿತು, ಭೂಮಿಯ ಕಾಳಗದಲ್ಲಿ ಒಂದು ರಾಕ್ನಿಯೂ ಕಣ್ಣಿಗೆ ಬೀಳಲಿಲ್ಲ. ಸಂಖ್ಯೆಯನ್ನು ಯಾರೂ ಪರಿಣಾಮ ಅಂದುಕೊಳ್ಳುವುದಿಲ್ಲ.

2012ರ ಜೂನ್ 26ರಂದು ಉಚಿತವಾಗಿ ಬಂದ, ಕೊನೆಯನ್ನು ಹಿಗ್ಗಿಸಿದ ಎಕ್ಸ್‌ಟೆಂಡೆಡ್ ಕಟ್ ಏನನ್ನು ಸೇರಿಸಿತು ನೋಡಿ. ಮೂರೂ ಆಯ್ಕೆ ಹಾಗೇ ಉಳಿದವು. ಕ್ಯಾಟಲಿಸ್ಟ್‌ಗೆ ಇನ್ನಷ್ಟು ಪ್ರಶ್ನೆ ಹಾಕುವ ಅವಕಾಶ ಬಂತು. ಭೂಮಿಯ ಮೇಲಿದ್ದ ಸಂಗಡಿಗರು ನಾರ್ಮಂಡಿ ಹಡಗಿನಲ್ಲಿ ಹೇಗೆ ಪ್ರತ್ಯಕ್ಷರಾದರು ಎಂಬುದಕ್ಕೆ ಒಂದು ದೃಶ್ಯ ಬಂತು. ಬದುಕುಳಿದವರ ಮುಂದಿನ ಪಾಡು ಹೇಳುವ, ನಿಮ್ಮ ನಿರ್ಧಾರಗಳಿಗೆ ತಕ್ಕಂತೆ ಬದಲಾಗುವ ಚಿತ್ರಗಳು ಬಂದವು. ಮೂರನ್ನೂ ಬೇಡವೆಂದು ತಿರಸ್ಕರಿಸುವ ನಾಲ್ಕನೆಯ ದಾರಿ ಸೇರಿತು. ಇದೇ ಕೆಲಸವನ್ನು 2023ರಲ್ಲಿ ಬಾಲ್ಡರ್ಸ್ ಗೇಟ್ 3 ಮಾಡಿತು. ಆಗಸ್ಟ್‌ನಲ್ಲಿ ಬಿಡುಗಡೆಗೆ ಮುನ್ನ ಕೇಳಿಬಂದದ್ದು 17,000 ಬಗೆಯ ಅಂತ್ಯ ಎಂಬ ಮಾತು. ಆಡಿ ಮುಗಿಸಿದವರು ಹೇಳಿದ್ದು “ಸಂಗಡಿಗರು ಏನಾದರು?” ನವೆಂಬರ್ 30ರ ಐದನೇ ಪ್ಯಾಚ್‌ನಲ್ಲಿ, ಆರು ತಿಂಗಳ ನಂತರ ಎಲ್ಲರೂ ಒಂದು ರಾತ್ರಿ ಸೇರುವ ದೃಶ್ಯ ಹಾಕಿದರು, ಅದೊಂದಕ್ಕೇ 3,500ಕ್ಕೂ ಹೆಚ್ಚು ಸಾಲು ಸಂಭಾಷಣೆ. ಅಂತ್ಯಗಳ ಸಂಖ್ಯೆ ಕಡಿಮೆಯಾಯಿತೆಂದು ಯಾರೂ ಅತ್ತಿರಲಿಲ್ಲ. ಮಾಡಿದ್ದನ್ನು ಯಾರಾದರೂ ಎದುರು ಬಂದು ಹೇಳಲಿ ಅಂತ ಕಾದಿದ್ದರು, ಅಷ್ಟೆ.

ಹಾಗಾದರೆ ಮೊದಲೇ ಪ್ರತಿ ಆಯ್ಕೆಗೂ ಬೇರೆ ಕಥೆ ಯಾಕೆ ಬರೆಯುವುದಿಲ್ಲ? ಎರಡು ದಾರಿಯ ಹತ್ತು ಆಯ್ಕೆ ನಿಜವಾಗಿ ಕವಲೊಡೆದರೆ 1,024 ಕಥೆ, ಇಪ್ಪತ್ತಾದರೆ 10,48,576. ಪ್ರತಿಯೊಂದಕ್ಕೂ ದನಿ, ಮುಖಭಾವ, ಕ್ಯಾಮೆರಾ, ಅನುವಾದ, ಪರೀಕ್ಷೆ ಬೇಕು. ಹಾಗಾಗಿ ಕವಲೊಡೆದ ದಾರಿಗಳನ್ನು ಕೆಲವು ದೃಶ್ಯಗಳ ನಂತರ ಮತ್ತೆ ಒಂದೇ ದಾರಿಗೆ ತರುತ್ತಾರೆ, ಏನಾಯಿತೆಂಬುದನ್ನು ವೇರಿಯಬಲ್‌ನಲ್ಲಿ, ಅಂದರೆ ಬೆಲೆ ಬರೆದಿಡುವ ಹೆಸರಿನಲ್ಲಿ, ನೆನಪಿಟ್ಟುಕೊಳ್ಳುತ್ತಾರೆ. ಆಯ್ಕೆ ಇರುವ ಹೆಚ್ಚಿನ ಗೇಮ್‌ಗಳ ಬೆನ್ನೆಲುಬು ಇದೇ. ಇದನ್ನು ಮೋಸ ಅನ್ನುವುದು ತಪ್ಪು, ಮರೆಮಾಚುವುದೂ ತಪ್ಪು.

ಇನ್ನೊಂದು ಕಾರಣ ಒಣ ಲೆಕ್ಕದ್ದು. ಕೊನೆಯ ಭಾಗ ಬಹಳ ಸಲ ತಯಾರಾಗುವುದೂ ಕೊನೆಗೇ, ಬಿಡುಗಡೆ ದಿನ ಕುತ್ತಿಗೆಗೆ ಬಂದಾಗ. ಅಲ್ಲಿಯತನಕ ಬರುವವರೂ ಕಡಿಮೆ. ಗೇಮ್ ಮಾರುವ ಸ್ಟೀಮ್‌ನಲ್ಲಿ ಯಾವುದೇ ಉದ್ದನೆಯ ಗೇಮ್‌ನ ಜಾಗತಿಕ ಅಚೀವ್‌ಮೆಂಟ್ ಪಟ್ಟಿ (ಯಾವ ಘಟ್ಟವನ್ನು ಎಷ್ಟು ಜನ ದಾಟಿದರೆಂಬ ಪಟ್ಟಿ) ತೆರೆದು, ಮೊದಲ ಅಧ್ಯಾಯ ಮುಗಿಸಿದವರ ಶೇಕಡಾವಾರನ್ನು ಕೊನೆ ಮುಟ್ಟಿದವರದ್ದಕ್ಕೆ ಹೋಲಿಸಿ. ಬಜೆಟ್ ಕೈಯಲ್ಲಿ ಹಿಡಿದವರಿಗೂ ಇದು ಗೊತ್ತಿರುತ್ತದೆ. 2015ರ ಮೆಟಲ್ ಗಿಯರ್ ಸಾಲಿಡ್ 5ರಲ್ಲಿ ಕಥೆಗೆ ಮುಖ್ಯವಾದ ಒಂದು ಮಿಷನ್ ಅರ್ಧಕ್ಕೇ ನಿಂತು, ವಿಶೇಷ ಆವೃತ್ತಿಯ ಡಿಸ್ಕ್‌ನಲ್ಲಿ ವೀಡಿಯೊ ಆಗಿ ಮಾತ್ರ ಹೊರಬಂತು.

ಇನ್ನು “ದುಃಖಾಂತ ಅರಗಲ್ಲ” ಅನ್ನುವ ಆರೋಪ. ಗದಾಯುದ್ಧದಲ್ಲಿ ಕೌರವ ಬೀಳುತ್ತಾನೆಂದು ಗೊತ್ತಿದ್ದೇ ಬೆಳಗಿನ ಜಾವದವರೆಗೆ ಬಯಲಾಟ ನೋಡುವ ಜನ ನಾವು. ಕೊನೆ ಮೊದಲೇ ನಿಶ್ಚಯವಾಗಿದ್ದರೆ ಬೇಸರ ಆಗಬೇಕೆಂದೇನೂ ಇಲ್ಲ. 2012ರದ್ದೇ ಆದ ದಿ ವಾಕಿಂಗ್ ಡೆಡ್‌ನಲ್ಲಿ ಕ್ಲೆಮೆಂಟೈನ್ ಎಂಬ ಪುಟ್ಟ ಹುಡುಗಿಯನ್ನು ಕಾಪಾಡುವ ನಾಯಕ ಲೀ ಏನು ಮಾಡಿದರೂ ಸಾಯುತ್ತಾನೆ. ಕಚ್ಚಿಸಿಕೊಂಡ ಕೈ ಕತ್ತರಿಸಿದರೂ ಅಷ್ಟೆ, ಬಿಟ್ಟರೂ ಅಷ್ಟೆ. ಮೊದಲ ಕಂತಿನಲ್ಲಿ ಡಗ್, ಕಾರ್ಲಿ ಇಬ್ಬರಲ್ಲಿ ಒಬ್ಬರನ್ನು ಉಳಿಸುತ್ತೀರಿ. ಉಳಿದವರನ್ನು ಮೂರನೆಯ ಕಂತಿನಲ್ಲಿ ಕಥೆಯೇ ಕೊಲ್ಲುತ್ತದೆ. ಆಯ್ಕೆ ಇಷ್ಟು ಬರಿದಾಗಿದ್ದರೂ ಜನ ಅತ್ತರು, ಬೈಯಲಿಲ್ಲ. ಯಾಕೆಂದರೆ ಆ ಗೇಮ್ ಐದೂ ಕಂತು ಕೇಳಿದ್ದು ಒಂದೇ ಪ್ರಶ್ನೆ: ಈ ಮಗುವಿಗೆ ನೀನು ಏನು ಕಲಿಸಿದೆ? ಕೊನೆಯ ದೃಶ್ಯದಲ್ಲಿ ಉತ್ತರ ಕೊಡುವವಳು ಆ ಮಗುವೇ.

ಫಾಲ್‌ಔಟ್ 3 (2008) ಇದರ ತಿರುಗುಮುರುಗು. ವಿಕಿರಣ ತುಂಬಿದ ಕೋಣೆಗೆ ಹೋಗಿ ನೀವು ಸಾಯಬೇಕು. ಪಕ್ಕದಲ್ಲೇ ನಿಮ್ಮ ಸಂಗಡಿಗ ಫಾಕ್ಸ್ ನಿಂತಿದ್ದಾನೆ, ವಿಕಿರಣ ಅವನಿಗೆ ಏನೂ ಮಾಡದು. ಈ ಹಿಂದೆ ಅಂಥದ್ದೇ ಜಾಗದಿಂದ ನಿಮಗಾಗಿ ವಸ್ತು ತಂದುಕೊಟ್ಟವನೂ ಅವನೇ. ಈಗ ಕೇಳಿದರೆ “ಇದು ನಿನ್ನ ಹಣೆಬರಹ” ಅನ್ನುವ ಅರ್ಥದ ಮಾತಾಡಿ ಜಾರಿಕೊಳ್ಳುತ್ತಾನೆ. ತ್ಯಾಗದ ದೃಶ್ಯ ನಗೆಪಾಟಲಾಯಿತು. ಮರುವರ್ಷದ ಹೆಚ್ಚುವರಿ ಭಾಗ ಬ್ರೋಕನ್ ಸ್ಟೀಲ್‌ನಲ್ಲಿ ಅವನನ್ನು ಒಳಗೆ ಕಳಿಸಲು ಬಿಟ್ಟರು, ಕೊನೆಯ ನಿರೂಪಣೆ ಮಾತ್ರ ಆಗಲೂ ನಿಮ್ಮನ್ನು ಹೇಡಿ ಅನ್ನುವ ಧಾಟಿಯಲ್ಲೇ ಉಳಿಯಿತು! ಗೇಮ್ ತಾನೇ ಕಲಿಸಿದ ನಿಯಮವನ್ನು ಅಳಿಸಲು ಹೊರಟರೆ ಆಡುವವರು ಬಿಡುವುದಿಲ್ಲ.

ಸರಿಯಾಗಿ ಮಾಡಿದ ಒಂದು ಉದಾಹರಣೆ ನೀವು ಆಡಿದ ಸೆಟ್‌ನಲ್ಲೇ ಇದೆ, ಎರಡನೆಯ ಗೇಮ್‌ನ ಆತ್ಮಹತ್ಯಾ ಮಿಷನ್. ಅದರ ಒಳಗಿನ ಗಣಿತ ನಿಮ್ಮಂಥ ಬರೆಯುವವರಿಗೆ ತಿಳಿದಿರಬೇಕು. ಹಡಗಿಗೆ ಕವಚ, ಶೀಲ್ಡ್, ಥೇನಿಕ್ಸ್ ತೋಪು ಮೂರು ಸುಧಾರಣೆ. ಒಂದೊಂದು ಬಿಟ್ಟದ್ದಕ್ಕೂ ಒಬ್ಬೊಬ್ಬರ ಜೀವ. ಗಾಳಿಕೊಳವೆಯೊಳಗೆ ಯಂತ್ರ ಬಲ್ಲವರನ್ನು ಕಳಿಸಬೇಕು, ತಂಡ ನಡೆಸಲು ಮುಂದಾಳುತನ ಇರುವವರನ್ನು. ಕೊನೆಗೆ ನೀವು ಇಬ್ಬರನ್ನು ಕರೆದುಕೊಂಡು ಮುಂದೆ ಹೋಗುತ್ತೀರಿ, ಉಳಿದವರು ಬಾಗಿಲು ಕಾಯಬೇಕು. ಪ್ರತಿಯೊಬ್ಬರಿಗೂ ಕಾಣದ ಅಂಕ ಇದೆ: ನಿಷ್ಠೆ ಗಳಿಸಿದ್ದರೆ ಗ್ಯಾರಸ್, ಗ್ರಂಟ್, ಝೇಯಿದ್ 4, ಮಿರಾಂಡಾ, ಜೇಕಬ್, ಥೇನ್, ಸಮಾರಾ, ಲೀಜನ್ 2, ಮಾರ್ಡಿನ್, ಟಾಲಿ, ಜ್ಯಾಕ್, ಕಸೂಮಿ 1. ನಿಷ್ಠೆ ಇಲ್ಲದಿದ್ದರೆ ಒಂದೊಂದು ಕಡಿಮೆ. ಕಾಯುವವರು ಐವರು ಅಥವಾ ಹೆಚ್ಚಿದ್ದರೆ ಸರಾಸರಿ 2 ಮುಟ್ಟಬೇಕು.

ಎಲ್ಲರೂ ಮಾಡುವ ಎಡವಟ್ಟೆಂದರೆ ಬಲಶಾಲಿಗಳಾದ ಗ್ರಂಟ್, ಗ್ಯಾರಸ್ ಇಬ್ಬರನ್ನೂ ತಮ್ಮ ಜೊತೆ ಕರೆದೊಯ್ಯುವುದು. ಹಿಂದೆ ಜೇಕಬ್, ಮಾರ್ಡಿನ್, ಟಾಲಿ, ಜ್ಯಾಕ್, ಕಸೂಮಿ ಉಳಿದರು ಅನ್ನಿ. 2+1+1+1+1, ಒಟ್ಟು 6, ಸರಾಸರಿ 1.2. ಮೊದಲು ಸಾಯುವ ಸರದಿ ಮಾರ್ಡಿನ್‌ದು. ಅವರಿಬ್ಬರನ್ನೂ ಬಾಗಿಲಿಗೆ ಬಿಟ್ಟು ಜೇಕಬ್, ಕಸೂಮಿಯನ್ನು ಕರೆದೊಯ್ದಿದ್ದರೆ 4+4+1+1+1, ಸರಾಸರಿ 2.2, ಎಲ್ಲರೂ ಕ್ಷೇಮ. ಅಂಕ ಗೊತ್ತಿಲ್ಲದೆಯೂ ಈ ಸಾವು ನ್ಯಾಯ ಅನ್ನಿಸುತ್ತದೆ, ಯಾಕೆಂದರೆ “ಗಟ್ಟಿಗರನ್ನೆಲ್ಲ ನಾನೇ ಕರೆದುಕೊಂಡು ಬಂದೆನಲ್ಲ” ಅಂತ ಆಡಿದವರೇ ತಿರುಗಿ ನೋಡಿ ಹೇಳಬಲ್ಲರು. ಕಥೆ ಮಾತ್ರ ಎಲ್ಲರಿಗೂ ಒಂದೇ, ಬಾಸ್ ಒಂದೇ. ಬದಲಾಗುವುದು ವಾಪಸ್ ಬರುವವರ ಪಟ್ಟಿ. ಅಷ್ಟೇ ಸಾಕಾಯಿತು.

ಈಗ ಸಿರಿಯ ವಿಷಯ. ವಿಚರ್ 3ರ (2015) ಕೊನೆಯ ಮೂರನೇ ಭಾಗದಲ್ಲಿ ಅವಳ ಬಗ್ಗೆ ಐದು ಕಡೆ ಲೆಕ್ಕ ಬೀಳುತ್ತದೆ. ಗೆರಾಲ್ಟ್‌ನ ಗುರು ವೆಸಿಮಿರ್ ಸತ್ತ ಮೇಲೆ ಅವಳನ್ನು ಸಮಾಧಾನ ಮಾಡುವ ಬಗೆ (ಹಿಮದ ಉಂಡೆ ಬರುವುದು ಇಲ್ಲೇ). ಚಕ್ರವರ್ತಿ ಎಮ್ಹಿರ್‌ನ ಬಳಿ ಕರೆದೊಯ್ದು ಹಣ ತೆಗೆದುಕೊಳ್ಳುವುದು. ಮಾಟಗಾತಿಯರ ಕೂಟವಾದ ಲಾಡ್ಜ್ ಭೇಟಿಗೆ ಅವಳನ್ನು ಒಬ್ಬಳೇ ಬಿಡುವುದೋ ಜೊತೆಗೆ ಹೋಗುವುದೋ. ಅವಳ ಮಾರ್ಗದರ್ಶಿ ಅವಲಾಕ್‌ನ ಪ್ರಯೋಗಶಾಲೆಯನ್ನು ಅವಳು ಸಿಟ್ಟಿನಲ್ಲಿ ಒಡೆಯಲು ಬಿಡುವುದೋ ತಡೆಯುವುದೋ. ಅವಳಿಗೆ ನೆರವಾಗಿದ್ದ ಸ್ಕ್ಯಾಲ್‌ನ ಸಮಾಧಿಗೆ ಅವಳ ಜೊತೆ ಹೋಗುವುದೋ ಹೊತ್ತಿಲ್ಲ ಅನ್ನುವುದೋ. ಮೂರು ಕಡೆ ಅವಳ ಪರ ನಿಂತರೆ ಬದುಕಿ ಬರುತ್ತಾಳೆ. ಇಲ್ಲದಿದ್ದರೆ ಗೆರಾಲ್ಟ್ ಜೌಗುಭೂಮಿಯಲ್ಲಿ ಮಾಟಗಾತಿ ಮುದುಕಿಯರಲ್ಲಿ ಉಳಿದ ಕೊನೆಯವಳನ್ನು ಬೇಟೆಯಾಡುತ್ತ ಉಳಿಯುತ್ತಾನೆ. ನೀವು ನೋಡಿದ್ದು ಅದು.

ಅಂದಮೇಲೆ “ಹಿಮದ ಉಂಡೆ ಎಸೆಯದ್ದಕ್ಕೆ ಸಿರಿ ಸತ್ತಳು” ಅನ್ನುವುದು ದಂತಕಥೆ. ಅದೊಂದನ್ನು ತಪ್ಪಿಸಿದರೆ ಏನೂ ಆಗುವುದಿಲ್ಲ, ಇನ್ನೂ ಎರಡು ಮೂರು ಕಡೆ ತಪ್ಪಿರಬೇಕು. ಐದರ ಹಿಂದೆಯೂ ಒಂದೇ ಪ್ರಶ್ನೆ ಇದೆ: ಅವಳನ್ನು ಬೆಳೆದವಳೆಂದು ನಂಬುತ್ತೀಯಾ, ಇಲ್ಲ ಪ್ರತಿ ಹೆಜ್ಜೆಗೂ ಕಾಯುತ್ತೀಯಾ? ಅವಳು ಕೊನೆಗೆ ಒಳಗೆ ಹೋಗುವ ಮುನ್ನ ಆ ಗಳಿಗೆಗಳನ್ನು ಗೇಮ್ ಮತ್ತೆ ಪರದೆಯ ಮೇಲೆ ತೋರಿಸುತ್ತದೆ. ಲೆಕ್ಕದ ಚೀಟಿ ಕೈಗೆ ಬರುತ್ತದೆ. ಮಾಸ್ ಎಫೆಕ್ಟ್ 3ರಲ್ಲಿ ನಿಮಗೆ ಸಿಗದೇ ಹೋದದ್ದು ಇದೇ.

ಆದರೆ ನಿಮ್ಮ ದೂರಿನಲ್ಲಿ ಹುರುಳಿಲ್ಲದೆ ಇಲ್ಲ. ಐದರಲ್ಲಿ ಹಿಮದ ಉಂಡೆಯ ಆಯ್ಕೆಯೇ ಎಲ್ಲಕ್ಕಿಂತ ಸಡಿಲ. ಪರದೆಯ ಮೇಲೆ ಬರುವುದು “ನಿನ್ನ ಮನಸ್ಸು ಹಗುರಾಗಲು ಏನು ಬೇಕೆಂದು ಗೊತ್ತು” ಅನ್ನುವಂಥ ಒಂದು ಸಾಲು, “ಬಿಡು, ಎಲ್ಲದರಲ್ಲೂ ನೀನೇ ಮುಂದಿರಬೇಕಿಲ್ಲ” ಅನ್ನುವಂಥ ಇನ್ನೊಂದು. ಎರಡೂ ಪ್ರೀತಿಯ ಮಾತೇ. ಒಂದು ಆಟಕ್ಕೆ ಹೋಗುತ್ತದೆ, ಇನ್ನೊಂದು ಕುಡಿತಕ್ಕೆ ಹೋಗುತ್ತದೆ ಅಂತ ಊಹಿಸಲು ಯಾವ ಸುಳಿವೂ ಇಲ್ಲ. ಆಯ್ಕೆ ಒತ್ತಿದ ಮೇಲೆ ನಾಯಕ ಏನು ಮಾಡುತ್ತಾನೆಂದು ಒತ್ತುವ ಮುಂಚೆ ಗೊತ್ತಿರಬೇಕು. ಅದರ ದೂರದ ಪರಿಣಾಮ ಗೊತ್ತಿರದಿದ್ದರೆ ನಡೆಯುತ್ತದೆ.

ಲೆಕ್ಕವನ್ನು ಗುಟ್ಟಾಗಿಡುವುದೇ ತಪ್ಪು ಅಂತ ತೀರ್ಮಾನಿಸಬೇಡಿ. 2001ರ ಸೈಲೆಂಟ್ ಹಿಲ್ 2 ಪ್ರಶ್ನೆಯನ್ನೇ ಕೇಳುವುದಿಲ್ಲ. ಗಾಯಗೊಂಡೂ ಮದ್ದು ಹಾಕಿಕೊಳ್ಳದೆ ಓಡಾಡುತ್ತೀರಾ, ಆಂಜೆಲಾಳ ಚಾಕುವನ್ನು ಪದೇಪದೇ ತೆಗೆದು ನೋಡುತ್ತೀರಾ, ಮರಿಯಾಳ ಬೆನ್ನಿಗೇ ಇರುತ್ತೀರಾ ಅಂತ ಸುಮ್ಮನೆ ಗಮನಿಸಿ ಅಂತ್ಯ ಆರಿಸುತ್ತದೆ. ಬದುಕುವ ಆಸೆ ಇಲ್ಲದವನಂತೆ ಆಡಿದವರಿಗೆ ತಕ್ಕ ಕೊನೆ ಸಿಗುತ್ತದೆ. ನಡವಳಿಕೆಗೂ ಕೊನೆಗೂ ಅರ್ಥದ ನಂಟಿದೆ, ಅದಕ್ಕೇ ಒಪ್ಪಿತವಾಗುತ್ತದೆ. ಸೈಬರ್‌ಪಂಕ್ 2077ರ ಗುಪ್ತ ಅಂತ್ಯದಲ್ಲಿ ಆ ನಂಟು ತೆಳು: ನಾಯಕನ ತಲೆಯೊಳಗೇ ಕೂತಿರುವ ಜಾನಿಯ ಜೊತೆ ಒಂದು ನಿರ್ದಿಷ್ಟ ಸಂಭಾಷಣೆ ಸರಿಯಾಗಿ ನಡೆದಿರಬೇಕು, ಆಮೇಲೆ ಮಹಡಿಯ ಮೇಲೆ ಯಾವ ಸಾಲನ್ನೂ ಆರಿಸದೆ ಸುಮಾರು ಐದು ನಿಮಿಷ ಸುಮ್ಮನೆ ಕೂರಬೇಕು. ಗೈಡ್ ಇಲ್ಲದೆ ಇದು ಹೊಳೆಯುವುದು ಅಪರೂಪ.

ಮತ್ತೆ ಆಡುವ ವಿಚಾರಕ್ಕೆ ಬರೋಣ. ವಿಚರ್‌ನಲ್ಲಿ ಹಿಮದ ಉಂಡೆಯ ದೃಶ್ಯ ಬರುವ ಕೇರ್ ಮೋರ್ಹೆನ್ ಕೋಟೆಯ ತನಕ ಹಿಂದೆ ಹೋಗಬೇಕಿಲ್ಲ. ಲಾಡ್ಜ್ ಭೇಟಿಗೆ ಮುಂಚಿನ ಒಂದು ಮ್ಯಾನ್ಯುಯಲ್ ಸೇವ್ ಇದ್ದರೆ ಸಾಕು. ಅಲ್ಲಿಂದ ಮುಂದೆ ಲಾಡ್ಜ್, ಪ್ರಯೋಗಶಾಲೆ, ಸಮಾಧಿ ಮೂರೂ ಬಾಕಿ, ಮೂರೂ ಸರಿಯಾದರೆ ಸಿರಿ ಬರುತ್ತಾಳೆ. ಆಟೋಸೇವ್ ನಂಬಬೇಡಿ, ಹೊಸದು ಹಳೆಯದರ ಮೇಲೆ ಬರೆದಿರುತ್ತದೆ. ಅವಳು ಸಾಮ್ರಾಜ್ಞಿಯಾಗುವ ಕೊನೆ ಬೇಕೆಂದರೆ ಈ ಸೇವ್ ಪ್ರಯೋಜನಕ್ಕೆ ಬಾರದೆ ಇರಬಹುದು. ಅದಕ್ಕೆ ಅವಳನ್ನು ಎಮ್ಹಿರ್ ಬಳಿ ಕರೆದೊಯ್ದಿರಬೇಕು, ರಾಜ ರಾಡೋವಿಡ್ ಸತ್ತಿರಬೇಕು, ಆಮೇಲಿನ ಜಗಳದಲ್ಲಿ ನೀವು ಡೈಕ್‌ಸ್ಟ್ರಾ ವಿರುದ್ಧ ರೋಶ್ ಪರ ನಿಂತಿರಬೇಕು.

ಗೈಡ್ ಪೂರ್ತಿ ಓದಿ ಆಡುವುದನ್ನು ಮೊದಲ ಸಲಕ್ಕೆ ನಾನು ಹೇಳುವುದಿಲ್ಲ. ಉತ್ತರ ನೋಡಿಕೊಂಡು ಒತ್ತಿದ ಸಾಲಿಗೆ ತೂಕ ಇರುವುದಿಲ್ಲ. “ಇಲ್ಲಿಂದ ಮುಂದೆ ಹೋದರೆ ಈ ಕೆಲಸಗಳು ಕೈತಪ್ಪುತ್ತವೆ” ಅನ್ನುವ ಪಟ್ಟಿಯನ್ನಷ್ಟೇ ನೋಡಿ. ವಿಚರ್‌ನಲ್ಲಾದರೆ ಮಂಜಿನ ದ್ವೀಪಕ್ಕೆ ಹೋಗುವ ಮುನ್ನ ಗೇಮ್ ತಾನೇ ಎಚ್ಚರಿಸುತ್ತದೆ. ಅಲ್ಲೊಂದು ಬೇರೆ ಸೇವ್ ಇಟ್ಟುಬಿಡಿ.

ಮಾಸ್ ಎಫೆಕ್ಟ್ 3ಕ್ಕೆ ಪಿಸಿಯಲ್ಲಿ ಮೂರನೆಯ ದಾರಿಯೂ ಇದೆ: ಆಟಗಾರರೇ ಮಾಡಿದ ಬೇರೆ ಅಂತ್ಯ. ಲೆಜೆಂಡರಿ ಎಡಿಷನ್‌ಗೆ ಆಡೆಮಸ್ ಹ್ಯಾಪಿ ಎಂಡಿಂಗ್ ಮಾಡ್ ಸಿಗುತ್ತದೆ, ಹಾಕಲು ಎಮ್ಇ3ಟ್ವೀಕ್ಸ್ ಮಾಡ್ ಮ್ಯಾನೇಜರ್ ಬಳಸಿ. ಹಳೆಯ 2012ರ ಆವೃತ್ತಿಗೆ ಮಾಡಿದ ಮಾಡ್‌ಗಳನ್ನು ಇದಕ್ಕೆ ಹಾಕಬೇಡಿ, ನಡೆಯುವುದಿಲ್ಲ. ಕಥೆ ಬದಲಿಸುವ ಮಾಡ್ ಮೊದಲು, ಚಿತ್ರದ ಗುಣಮಟ್ಟ ಹೆಚ್ಚಿಸುವ ಟೆಕ್ಸ್‌ಚರ್ ಮಾಡ್ ಎಲ್ಲಕ್ಕಿಂತ ಕೊನೆಗೆ. ಕ್ರಮ ತಪ್ಪಿದರೆ ಗೇಮ್ ತೆರೆಯದೆ ಹೋಗಬಹುದು. ಸೇವ್ ಫೋಲ್ಡರ್ ಮೊದಲೇ ನಕಲು ಮಾಡಿಟ್ಟುಕೊಳ್ಳಿ. ಕನ್ಸೋಲ್‌ನಲ್ಲಿ ಆಡುವವರಿಗೆ ಈ ದಾರಿ ಇಲ್ಲ. ಇನ್ನೊಂದು ಮಾತು: ಎಲ್ಲವೂ ಸುಸೂತ್ರವಾಗುವ ಅಂತ್ಯ ಮನಸ್ಸಿಗೆ ಹಿತ, ಆದರೆ ನಾನು ಮೇಲೆ ಹೇಳಿದ ದೋಷಕ್ಕೆ ಅದು ಪೂರ್ತಿ ಮದ್ದಲ್ಲ.

ಈಗ ನಿಮ್ಮ ಗೇಮ್. ಆರು ಆಯ್ಕೆ ಇರಲಿ, ಏಳು ಅಂತ್ಯವನ್ನು ಮೂರಕ್ಕೆ ಇಳಿಸಿ. ಎರಡೆರಡು ದಾರಿಯ ಆರು ಆಯ್ಕೆಗೆ 64 ಜಾಡುಗಳು. ಒಂದು ಸಲ ಆಡಲು 20 ನಿಮಿಷ ಹಿಡಿದರೆ ಎಲ್ಲವನ್ನೂ ಒಮ್ಮೆ ಪರೀಕ್ಷಿಸಲು 21 ಗಂಟೆಯ ಮೇಲೆ, ಒಂದು ತಿದ್ದುಪಡಿ ಮಾಡಿದರೆ ಮತ್ತೆ ಮೊದಲಿಂದ. ಇಬ್ಬರೇ ಇರುವ ತಂಡಕ್ಕೆ ಇದು ಆಗದ ಮಾತು. ಆದದ್ದು ಆಗಲಿ ಅಂತ ಏಳನ್ನೂ ಬರೆದರೆ ನಾಲ್ಕು ಅಂತ್ಯಗಳು ಎರಡು ಪ್ಯಾರಾ ಮೀರುವುದಿಲ್ಲ. ಓದುಗರಿಗೆ ಸಿಗುವುದು ಅವುಗಳಲ್ಲೇ ಒಂದಾದರೆ ನಿಮ್ಮ ಗೇಮ್ ಅಷ್ಟೇ ಅಂದುಕೊಳ್ಳುತ್ತಾರೆ.

ಉಳಿದ ಶ್ರಮವನ್ನು ಅಂತ್ಯಕ್ಕೆ ಮುಂಚಿನ ಅಧ್ಯಾಯಕ್ಕೆ ಹಾಕಿ. ಪ್ರತಿ ಆಯ್ಕೆಗೂ ಮೂರು ಕಡೆ ಸದ್ದು ಕೇಳಿಸಬೇಕು: ಆ ದೃಶ್ಯದಲ್ಲೇ ಒಂದು ಸಾಲು, ಒಂದು ಅಧ್ಯಾಯ ಕಳೆದ ಮೇಲೆ ಕಣ್ಣಿಗೆ ಬೀಳುವ ಒಂದು ಬದಲಾವಣೆ, ಕೊನೆಯ ಅಧ್ಯಾಯದಲ್ಲಿ ಬೇರೊಬ್ಬ ಪಾತ್ರದ ಬಾಯಲ್ಲಿ ಅದರ ಮಾತು. ಬೇರೊಬ್ಬರ ಬಾಯಲ್ಲೇ ಬರಬೇಕು. ನಿರೂಪಕ ಹೇಳಿದರೆ ವರದಿಯಾಗುತ್ತದೆ. ಆರು ಆಯ್ಕೆಯ ಎರಡೆರಡು ಬದಿಗೆ ಮೂರು ಮೂರು ಅಂದರೆ 36 ತುಣುಕು, ಒಂದೊಂದು 40ರಿಂದ 80 ಪದ. ಹೆಚ್ಚೆಂದರೆ 3,000 ಪದ. ನಾಲ್ಕು ಹೆಚ್ಚುವರಿ ಅಂತ್ಯಗಳನ್ನು ನೆಟ್ಟಗೆ ಬರೆಯಲು ಇದಕ್ಕಿಂತ ಹೆಚ್ಚು ಬೇಕಾಗುತ್ತದೆ, ಅವುಗಳಲ್ಲಿ ಒಬ್ಬ ಓದುಗ ನೋಡುವುದು ಹೆಚ್ಚೆಂದರೆ ಒಂದನ್ನು.

ಅಂತ್ಯ ಆರಿಸುವ ಕೆಲಸವನ್ನು ಕೊನೆಯ ಪುಟದ ಒಂದೇ ಪ್ರಶ್ನೆಗೆ ಬಿಡಬೇಡಿ, ಒಂದೇ ಹಳೆಯ ಆಯ್ಕೆಗೂ ಕಟ್ಟಬೇಡಿ. ಐದರಲ್ಲಿ ಮೂರು ಅನ್ನುವ ವಿಚರ್‌ನ ಅಳತೆ ಒಳ್ಳೆಯದು, ಒಂದೆರಡು ಎಡವಿದರೂ ದಾರಿ ಮುಚ್ಚುವುದಿಲ್ಲ. ಕೊನೆಯ ಅಧ್ಯಾಯದಲ್ಲಿ ಹೊಸ ಪಾತ್ರ ತರಬೇಡಿ.

ಟ್ವೈನ್‌ನಲ್ಲಿ ಎಡವುವ ಜಾಗ ಒಂದಿದೆ. ಅದರ ಶುಗರ್‌ಕ್ಯೂಬ್ ಫಾರ್ಮ್ಯಾಟ್ ಬಳಸುವುದಾದರೆ ಎಣಿಕೆಯ ವೇರಿಯಬಲ್‌ಗಳಿಗೆಲ್ಲ ಸ್ಟೋರಿಇನಿಟ್ ಎಂಬ ಪ್ಯಾಸೇಜ್‌ನಲ್ಲಿ (ಟ್ವೈನ್‌ನ ಪುಟಕ್ಕೆ ಈ ಹೆಸರು) ಮೊದಲೇ ಸೊನ್ನೆ ಕೊಡಿ. ಕೊಡದೆ ಮೊದಲ ಆಯ್ಕೆಯಲ್ಲಿ ನೇರವಾಗಿ ಒಂದು ಕೂಡಿಸಿದರೆ ಅದು 1 ಆಗುವುದಿಲ್ಲ, “ಸಂಖ್ಯೆಯಲ್ಲ” ಅನ್ನುವ ಸ್ಥಿತಿಗೆ ಹೋಗುತ್ತದೆ. ಆಮೇಲೆ ಎಷ್ಟು ಕೂಡಿಸಿದರೂ ಹಾಗೇ ಇರುತ್ತದೆ. “ಮೂರಕ್ಕಿಂತ ಹೆಚ್ಚೇ?” ಅಂತ ಕೇಳಿದರೆ ಉತ್ತರ ಯಾವಾಗಲೂ ಇಲ್ಲ. ದೋಷದ ಸಂದೇಶವೂ ಬರುವುದಿಲ್ಲ, ನಿಮ್ಮ ಒಳ್ಳೆಯ ಅಂತ್ಯ ಯಾರಿಗೂ ತೆರೆಯುವುದಿಲ್ಲ, ಅಷ್ಟೆ. ಟ್ವೈನ್‌ನ ಇನ್ನೊಂದು ಫಾರ್ಮ್ಯಾಟ್ ಹಾರ್ಲೋದಲ್ಲಿ ಬೆಲೆ ಕೊಡದ ವೇರಿಯಬಲ್ ಸೊನ್ನೆಯಾಗಿಯೇ ಶುರುವಾಗುತ್ತದೆ. ಹಾಗಿದ್ದರೂ ಶುಗರ್‌ಕ್ಯೂಬ್ ಆರಿಸಿ, ಸೇವ್ ಮಾಡುವ ಮೆನು ಅದರಲ್ಲಿ ಸಿದ್ಧವಾಗಿರುತ್ತದೆ. ಪರೀಕ್ಷೆಗೆ ಒಂದು ಗುಪ್ತ ಪ್ಯಾಸೇಜ್ ಇಟ್ಟುಕೊಳ್ಳಿ: ಆರೂ ಆಯ್ಕೆಯ ಬೆಲೆಗಳನ್ನು ಅಲ್ಲೇ ತುಂಬಿ ನೇರ ಕೊನೆಯ ಅಧ್ಯಾಯಕ್ಕೆ ಹಾರಬೇಕು. ಟ್ವೈನ್‌ನ “ಇಲ್ಲಿಂದ ಪರೀಕ್ಷಿಸು” ಸೌಲಭ್ಯದಿಂದ ಅದನ್ನು ತೆರೆದರೆ 20 ನಿಮಿಷದ ಕೆಲಸ ಎರಡು ನಿಮಿಷಕ್ಕೆ ಬರುತ್ತದೆ.

ಕನ್ನಡಕ್ಕೇ ಸೇರಿದ ತೊಂದರೆ ಇನ್ನೊಂದು. ಯಾರು ಬದುಕಿದ್ದಾರೋ ಅವರ ಹೆಸರನ್ನು ವೇರಿಯಬಲ್‌ನಿಂದ ಎತ್ತಿ ವಾಕ್ಯಕ್ಕೆ ತುರುಕುವ ಇಂಗ್ಲಿಷ್ ಗೇಮ್‌ಗಳ ಉಪಾಯ ಇಲ್ಲಿ ನಡೆಯದು. ಹೆಸರು ಬದಲಾದರೆ ಕ್ರಿಯಾಪದವೂ ಬದಲಾಗಬೇಕು: ಮಂಜ ಬಂದ, ಗಿರಿಜೆ ಬಂದಳು, ಮೇಷ್ಟ್ರು ಬಂದರು. ವಿಭಕ್ತಿಯೂ ಅಷ್ಟೆ: ಮಂಜನಿಗೆ, ಗಿರಿಜೆಗೆ, ಮೇಷ್ಟ್ರಿಗೆ. ಪ್ರತ್ಯಯ ಹೊಂದಿಸುವ ಕೋಡ್ ಬರೆಯುವುದಕ್ಕಿಂತ ಆ ವಾಕ್ಯವನ್ನೇ ಪೂರ್ತಿ ಎರಡು ಮೂರು ಸಲ ಬರೆಯುವುದು ಸಲೀಸು. ಪಾತ್ರದ ಮಾತಿನ ಧಾಟಿಯೂ ಆಗ ಬೇರೆಯಾಗುತ್ತದೆ.

ಟ್ವೈನ್ ಗೇಮ್ ಬ್ರೌಸರ್‌ನಲ್ಲಿ ಓಡುವುದರಿಂದ ಒತ್ತಕ್ಷರ ಸರಿಯಾಗಿ ಮೂಡುತ್ತವೆ, ಆ ಚಿಂತೆ ಬೇಡ. ಮುಂದೆ ಚಿತ್ರ, ಚಲನೆ ಸೇರಿಸಬೇಕೆನಿಸಿದರೆ ಗೇಮ್ ಕಟ್ಟುವ ತಂತ್ರಾಂಶ ಗೋಡೋ 4 ನೋಡಿ, ಕನ್ನಡ ಅಕ್ಷರ ಜೋಡಣೆ ಅದಕ್ಕೆ ಬರುತ್ತದೆ. ಅಂಥದ್ದೇ ಇನ್ನೊಂದು ತಂತ್ರಾಂಶ ಯೂನಿಟಿಯ ಟೆಕ್ಸ್ಟ್‌ಮೆಶ್ ಪ್ರೋದಲ್ಲಿ ಒತ್ತುಗಳು ಚೆಲ್ಲಾಪಿಲ್ಲಿಯಾಗುತ್ತವೆ. ಟ್ವೈನ್‌ನ ವೆಬ್ ಆವೃತ್ತಿಯಲ್ಲಿ ಬರೆಯುತ್ತಿದ್ದರೆ ನಿಮ್ಮ ಕಥೆ ಇರುವುದು ಆ ಬ್ರೌಸರ್‌ನ ಸ್ಮೃತಿಯಲ್ಲಿ ಮಾತ್ರ. ಸೈಟ್ ಡೇಟಾ ಅಳಿಸಿದರೆ ಕಥೆಯೂ ಹೋಯಿತು. ದಿನದ ಕೆಲಸ ಮುಗಿಸಿ ಏಳುವ ಮುನ್ನ ಆರ್ಕೈವ್ ಇಳಿಸಿ, ದಿನಾಂಕ ಹಾಕಿ, ಇಬ್ಬರ ಕಂಪ್ಯೂಟರ್‌ನಲ್ಲೂ ಒಂದೊಂದು ಪ್ರತಿ ಇಡಿ.